ತಾಟಿನ ಕೆಳಗಿನ ನೂರು ರೂಪಾಯಿ

ಮೂರು ವರ್ಷದ ಹಿಂದಿನ ಮಾತು. ಟೆನೆಸಿ ರಾಜ್ಯದಿಂದ ಬಂದಿದ್ದ ಒಬ್ಬ ಅಮೆರಿಕದ ಹುಡುಗಿ ಬಾದಾಮಿಯ ನಮ್ಮ ಖಾನಾವಳಿಯಲ್ಲಿ ಮಧ್ಯಾಹ್ನದ ಊಟ ಮುಗಿಸಿ, ಬಿಲ್ಲು ಕೊಟ್ಟು ಹೋದಳು. ತಾಟು ಎತ್ತಲು ಹೋದ ನಮ್ಮ ಹುಡುಗ ಕೈಯಲ್ಲಿ ನೋಟು ಹಿಡಿದು ಓಡಿ ಬಂದ. "ಅಕ್ಕಾರ, ಆಕಿ 100 ರೂಪಾಯಿ ಬಿಟ್ಟು ಹೋಗ್ಯಾಳ್ರಿ."

ಆಗ ನಮ್ಮಲ್ಲಿ ರೊಟ್ಟಿ ಊಟಕ್ಕೆ 120 ರೂಪಾಯಿ. ಹೆಚ್ಚೂಕಮ್ಮಿ ಊಟದಷ್ಟೇ ದುಡ್ಡು ಯಾರಾದರೂ ಬೇಕಂತಲೇ ಬಿಟ್ಟು ಹೋಗುತ್ತಾರಾ? ಮರೆತಿರಬೇಕು ಅಂತ ಅವ್ವ ಅವನನ್ನು ಹಿಂದೆಯೇ ಅಟ್ಟಿದಳು. ಅವನು ಬಿಸಿಲಲ್ಲಿ ಕೆರೆಯ ದಂಡೆಯವರೆಗೂ ಓಡಿ, ಆ ನೋಟನ್ನು ಅವಳ ಕೈಗೇ ಕೊಟ್ಟು ಬಂದ.

ರಾತ್ರಿ ಊಟಕ್ಕೆ ಬಂದಾಗ ಅವಳ ಮುಖ ಸಣ್ಣದಾಗಿತ್ತು. "ನಾನೇನು ತಪ್ಪು ಮಾಡಿದೆ? ಆ ಹುಡುಗನಿಗೆ ಬೇಜಾರಾಯಿತಾ?" ಅಂತ ಕೇಳಿದಳು. ಆಮೇಲೆ ರೊಟ್ಟಿ ಮುರಿಯುತ್ತಾ ತನ್ನ ಕತೆ ಹೇಳಿದಳು. ಕಾಲೇಜು ಓದುವಾಗ ಅವಳೂ ಊರಿನ ಒಂದು ಹೋಟೆಲಿನಲ್ಲಿ ಬಡಿಸುವ ಕೆಲಸ ಮಾಡಿದ್ದಳಂತೆ. ಮಾಲೀಕ ಕೈಯಿಂದ ಕೊಡುತ್ತಿದ್ದದ್ದು ಗಂಟೆಗೆ 2 ಡಾಲರ್ 13 ಸೆಂಟ್. ನಾನು ನಂಬಲಿಲ್ಲ. ಆಮೇಲೆ ಓದಿ ನೋಡಿದೆ, ನಿಜ. ಟಿಪ್ಸ್ ಸಿಗುವ ಕೆಲಸಕ್ಕೆ ಅಲ್ಲಿನ ಕೇಂದ್ರ ಸರ್ಕಾರ ಇಟ್ಟಿರುವ ಕನಿಷ್ಠ ಕೂಲಿ ಅಷ್ಟೇ. 1991ರಿಂದ ಒಂದು ಸೆಂಟೂ ಏರಿಲ್ಲ. ಉಳಿದದ್ದನ್ನು ಗಿರಾಕಿ ಬಿಟ್ಟು ಹೋಗುವ ಹಣ ತುಂಬಬೇಕು. ಅದೂ ಸಾಲದಿದ್ದರೆ 7 ಡಾಲರ್ 25 ಸೆಂಟ್ ಆಗುವವರೆಗೆ ಮಾಲೀಕ ಸೇರಿಸಿ ಕೊಡಬೇಕು ಅಂತ ಕಾನೂನಿದೆ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಈ ಪದ್ಧತಿ ಬಿಟ್ಟಿವೆ, ಅವಳ ರಾಜ್ಯ ಬಿಟ್ಟಿಲ್ಲ.

"ಜ್ವರ ಬಂದ ದಿನವೂ ನಗುತ್ತಲೇ ಬಡಿಸುತ್ತಿದ್ದೆ. ನಗದಿದ್ದರೆ ಆ ತಿಂಗಳ ಬಾಡಿಗೆ ಹುಟ್ಟುತ್ತಿರಲಿಲ್ಲ" ಅಂದಳು.

ನನಗೆ ಆ ಮಾತು ಹಾಗೇ ಉಳಿದುಬಿಟ್ಟಿದೆ. ಯಾಕೆಂದರೆ ಅಲ್ಲಿಯವರೆಗೆ ನಮ್ಮ ಅಡುಗೆಮನೆಯಲ್ಲಿ ಅಮೆರಿಕದವರ ಬಗ್ಗೆ ಎರಡು ಮಾತು ಖಾಯಂ ಇದ್ದವು. ಒಂದು, ಅವರಿಗೆ ರೊಕ್ಕದ ಬೆಲೆ ಗೊತ್ತಿಲ್ಲ. ಇನ್ನೊಂದು, ಅವರು ಸುಮ್ನೆ ಹಲ್ಲು ಕಿರಿಯುತ್ತಾರೆ. ಎರಡಕ್ಕೂ ಉತ್ತರ ಆ ರಾತ್ರಿ ಒಂದೇ ತಾಟಿನ ಮುಂದೆ ಸಿಕ್ಕಿತು. ಅವಳು ಬಿಟ್ಟು ಹೋದ 100 ರೂಪಾಯಿ, ಬಡಿಸಿದವಳು ಇನ್ನೊಬ್ಬ ಬಡಿಸುವವನಿಗೆ ಕೊಟ್ಟದ್ದು. ಮರುದಿನ ನಾನೇ ಆ ನೋಟು ಇಸಿದುಕೊಂಡು ಹುಡುಗನ ಕೈಗೆ ಕೊಟ್ಟೆ.

ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಬಾದಾಮಿಗೆ ಎಲ್ಲರೂ ಗುಹೆ ನೋಡಲು ಬರುತ್ತಾರೆ. ಆದರೆ ನವೆಂಬರಿನಿಂದ ಫೆಬ್ರವರಿವರೆಗೆ ಇನ್ನೊಂದು ಥರದ ಜನವೂ ಬರುತ್ತಾರೆ, ಈ ಕೆಂಪು ಬಂಡೆ ಹತ್ತುವುದಕ್ಕೇ. ಸೊಂಟಕ್ಕೆ ಹಗ್ಗ, ಕೈಗೆ ಬಿಳಿ ಪುಡಿ. ಖಾನಾವಳಿಯ ಮೇಲೆ ನಮ್ಮವು ಎರಡು ರೂಮು ಇವೆ. ಹಾಗಾಗಿ ದೇಶದೇಶದವರ ಜೊತೆ ನನಗೆ ಮಾತು ಬೆಳೆದಿದೆ.

ಅಮೆರಿಕದವರು ಜೋರು ಅನ್ನುತ್ತಾರೆ, ಅಲ್ವಾ? ಹೌದು, ಜೋರೇ. ಸುಳ್ಳು ಹೇಳುವುದಿಲ್ಲ. ಬಂಡೆಯ ಮೇಲೆ ಎಲ್ಲ ದೇಶದವರೂ ಕೂಗುತ್ತಾರೆ, 25 ಮೀಟರ್ ಕೆಳಗೆ ಹಗ್ಗ ಹಿಡಿದವನಿಗೆ ಕೇಳಬೇಕಲ್ಲ. ಆದರೆ ಊಟಕ್ಕೆ ಕೂತಾಗಲೂ ಇವರ ದನಿ ಇಳಿಯುವುದಿಲ್ಲ. ನನಗೇನೂ ಬೇಜಾರಿಲ್ಲ. ನಾನು ಬೆಂಗಳೂರಿನಲ್ಲಿ ನಾಲ್ಕು ವರ್ಷ ಕೆಲಸ ಮಾಡುವಾಗ ರೂಮಿನ ಹುಡುಗಿಯರು ಇದೇ ಮಾತನ್ನು ನನಗೆ ಹೇಳುತ್ತಿದ್ದರು. "ನೀವು ಉತ್ತರ ಕರ್ನಾಟಕದವ್ರು ಯಾಕೆ ಯಾವಾಗ್ಲೂ ಜಗಳ ಆಡೋ ಥರ ಮಾತಾಡ್ತೀರಾ?" ಮನೆಗೆ ಫೋನ್ ಮಾಡಿ ಅವ್ವನ ಜೊತೆ ಪ್ರೀತಿಯಿಂದ ಮಾತಾಡಿದ್ದೂ ಅವರಿಗೆ ಬೈಗುಳದಂತೆ ಕೇಳುತ್ತಿತ್ತು. ನಾನು ಮೂಲೆಗೆ ಹೋಗಿ ಪಿಸುದನಿಯಲ್ಲಿ ಮಾತಾಡಲು ಶುರುಮಾಡಿದೆ. ಅವ್ವ ಗಾಬರಿಯಾಗಿ "ಯಾಕವಾ, ಆರಾಮಿಲ್ಲೇನು?" ಅಂತ ಕೇಳುತ್ತಿದ್ದಳು.

ಇನ್ನೊಂದು ಮಾತು, ಅಮೆರಿಕದವರಿಗೆ ಹೊರಗಿನ ಪ್ರಪಂಚವೇ ಗೊತ್ತಿಲ್ಲ ಅನ್ನುವುದು. ಇದರಲ್ಲೂ ನಿಜ ಇದೆ. "ನಿಮ್ಮ ಭಾಷೆ ಹಿಂದಿ ತಾನೇ?" ಅಂತ ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಆದರೆ ಟೆನೆಸಿಯ ಆ ಹುಡುಗಿಗೆ ಸಿಕ್ಕಿದ್ದ ರಜೆ ಹತ್ತು ದಿನ. ಬಂದು ಹೋಗುವುದರಲ್ಲೇ ನಾಲ್ಕು ದಿನ ಕಳೆದಿತ್ತು. ಅದೇ ವಾರ ಮೇಲಿನ ರೂಮಿನಲ್ಲಿದ್ದ ಜರ್ಮನಿಯ ಗಂಡ ಹೆಂಡತಿ ಐದು ವಾರ ಇರಲು ಬಂದವರು. ಯುರೋಪಿಯನ್ ಒಕ್ಕೂಟದಲ್ಲಿ ಕೆಲಸಗಾರರಿಗೆ ವರ್ಷಕ್ಕೆ ಕನಿಷ್ಠ 4 ವಾರ ಸಂಬಳ ಸಹಿತ ರಜೆ ಕೊಡಲೇಬೇಕು. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಒಂದು ದಿನದ್ದೂ ಇಲ್ಲ, ಕಂಪನಿ ಕೊಟ್ಟಷ್ಟು. ದೇಶವೋ ನಮ್ಮ ಮೂರರಷ್ಟು ದೊಡ್ಡದು. ನ್ಯೂಯಾರ್ಕಿನಿಂದ ಲಾಸ್ ಏಂಜಲೀಸ್‌ಗೆ ಕಾರಿನಲ್ಲಿ ಸುಮಾರು 4,500 ಕಿಲೋಮೀಟರ್. ಬಾದಾಮಿಯಿಂದ ದಿಲ್ಲಿಗೆ ಹೋಗಿ ವಾಪಸ್ ಬಂದರೂ ಅಷ್ಟಾಗುವುದಿಲ್ಲ. ಇಷ್ಟು ಕಮ್ಮಿ ರಜೆಯಲ್ಲಿ ಯಾರು ಎಲ್ಲಿಗೆ ಹೋಗಿ ಏನು ನೋಡಬೇಕು?

ನಮ್ಮ ಅಪ್ಪನ ಅಮೆರಿಕ ಬೇರೆ. ಅಪ್ಪ ಹುಟ್ಟಿದ್ದು 1957ರಲ್ಲಿ. ಅವರಿಗೆ ಅಮೆರಿಕ ಅಂದರೆ ಕೇರ್ ಅನ್ನುವ ಅಮೆರಿಕದ ನೆರವು ಸಂಸ್ಥೆ ಶಾಲೆಗೆ ಕೊಡುತ್ತಿದ್ದ ಉಪ್ಪಿಟ್ಟು, ಹಾಲಿನ ಪುಡಿ, ಮತ್ತು ಕೆಂಪು ಜೋಳ. ಧಾನ್ಯ ಬರುತ್ತಿದ್ದದ್ದು 1954ರಲ್ಲಿ ಅಮೆರಿಕ ಮಾಡಿದ ಪಿಎಲ್ 480 ಅನ್ನುವ ಆಹಾರ ನೆರವಿನ ಕಾನೂನಿನ ಅಡಿಯಲ್ಲಿ. 1966ರ ಬರದಲ್ಲಿ ಭಾರತ ಸುಮಾರು 1 ಕೋಟಿ ಟನ್ ಧಾನ್ಯ ಹೊರಗಿನಿಂದ ತರಿಸಿಕೊಂಡಿತು, ಅದರಲ್ಲಿ ಹೆಚ್ಚಿನದು ಅಮೆರಿಕದ್ದೇ. ಚೀಲದ ಮೇಲೆ ಎರಡು ಕೈ ಹಿಡಿದುಕೊಂಡ ಚಿತ್ರ ಇರುತ್ತಿತ್ತು. ನಮ್ಮ ಅಜ್ಜಿ ಅಂಥ ಒಂದು ಚೀಲ ಹರಿದು ಅಪ್ಪನಿಗೆ ಪಾಟಿಚೀಲ ಹೊಲಿದುಕೊಟ್ಟಿದ್ದಳಂತೆ. ಆ ಕೈಗಳು ಅಪ್ಪನ ಬೆನ್ನ ಮೇಲೆ ಎರಡು ವರ್ಷ ಶಾಲೆಗೆ ಹೋಗಿ ಬಂದಿವೆ.

ಕೆಂಪು ಜೋಳದ ಹಿಟ್ಟಿಗೆ ಜಿಗಿ ಇರಲಿಲ್ಲ, ರೊಟ್ಟಿ ಬಡಿಯುವಾಗಲೇ ಬಿರಿಯುತ್ತಿತ್ತು, ಅಜ್ಜಿ ಅದನ್ನು ಕೂಡಿಸಿ ಕೂಡಿಸಿ ಸುಡುತ್ತಿದ್ದಳು ಅಂತ ಅಪ್ಪ ಹೇಳುತ್ತಾರೆ. ಆ ಜೋಳವನ್ನು ಅಮೆರಿಕದಲ್ಲಿ ಬಹುಪಾಲು ದನಕ್ಕೆ ಹಾಕುತ್ತಾರೆ ಅಂತ ಅಪ್ಪನಿಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಆಗಿನ ಅಧ್ಯಕ್ಷ ಲಿಂಡನ್ ಜಾನ್ಸನ್ ಧಾನ್ಯವನ್ನು ಒಮ್ಮೆಗೇ ಕೊಡದೆ ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದರು ಅನ್ನುವುದೂ ಹಾಗೆಯೇ ಗೊತ್ತಾಯಿತು. ಅಪ್ಪ ಸಿಟ್ಟು ಮಾಡಿಕೊಳ್ಳುವವರಲ್ಲ. "ಹೊಟ್ಟಿ ತುಂಬಿಸ್ಯಾರ, ಇಲ್ಲ ಅನ್ನೂದಿಲ್ಲ. ಆದ್ರ ಕೈ ಒಡ್ಡಿ ತಿಂದಿದ್ದು ಮರಿಯಂಗಿಲ್ಲ" ಅನ್ನುತ್ತಾರೆ. ಈ ಎರಡೂ ಮಾತನ್ನು ಒಂದೇ ಉಸಿರಿನಲ್ಲಿ ಹೇಳುವುದು ಅಪ್ಪ ಒಬ್ಬರೇ, ನನಗೆ ಗೊತ್ತಿರುವವರಲ್ಲಿ.

ಈಗ ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ. ಹೋದ ನವೆಂಬರಿನ ಮೊದಲ ವಾರ ಒಬ್ಬರು ಎತ್ತರದ, ಕಪ್ಪು ಮೈಬಣ್ಣದ ಅತಿಥಿ ಬಂದರು. ವಿದೇಶಿಯರು ಬಂದರೆ ಅವರ ವಿವರವನ್ನು ಸರ್ಕಾರಕ್ಕೆ ತಿಳಿಸುವ ಫಾರ್ಮ್ ತುಂಬಬೇಕು. ಅವರು ಚೀಲದಲ್ಲಿ ಪಾಸ್‌ಪೋರ್ಟ್ ಹುಡುಕುವಷ್ಟರಲ್ಲಿ ನಾನು ಕೇಳಿಬಿಟ್ಟೆ, "ಆಫ್ರಿಕಾದಲ್ಲಿ ಯಾವ ದೇಶ?" ಅವರು ಉತ್ತರ ಕೊಡದೆ ಪಾಸ್‌ಪೋರ್ಟ್ ಮುಂದಿಟ್ಟರು. ಕಡುನೀಲಿ ಬಣ್ಣ, ಮೇಲೆ ಬಂಗಾರದ ಹದ್ದು. ಅಮೆರಿಕದ ಜಾರ್ಜಿಯಾ ರಾಜ್ಯದವರು.

ನನ್ನ ಮುಖ ಬಿಸಿಯಾಯಿತು. ಕ್ಷಮೆ ಕೇಳಿದೆ. ಮೂರು ದಿನದಿಂದ ಎಲ್ಲ ಕಡೆ ಇದೇ ಪ್ರಶ್ನೆ ಅಂತ ಅವರು ಸಮಾಧಾನದಿಂದಲೇ ಹೇಳಿದರು. ಚಹದಂಗಡಿಯಲ್ಲಿ ಜನ ಅವರ ಬಿಳಿ ಗೆಳೆಯನ ಜೊತೆ ಸೆಲ್ಫಿ ತೆಗೆದುಕೊಳ್ಳಲು ಫೋನನ್ನು ಇವರ ಕೈಗೆ ಕೊಟ್ಟಿದ್ದರಂತೆ. ಇವರು ನಿಜವಾದ ಅಮೆರಿಕದವರಾ ಅಂತ ಆ ಗೆಳೆಯನನ್ನು ಕೇಳಿದ್ದರಂತೆ.

ಅಮೆರಿಕ ಹೊರಗಿನಿಂದ ಗುಲಾಮರನ್ನು ತರುವುದನ್ನು ನಿಷೇಧಿಸಿದ್ದು 1808ರಲ್ಲಿ. ಗುಲಾಮಗಿರಿ ಮುಗಿದಿದ್ದು 1865ರಲ್ಲಿ. ಅಂದರೆ ಅವರಂಥವರ ಮನೆತನಗಳು ಬಹುಪಾಲು 200 ವರ್ಷಕ್ಕಿಂತ ಹಿಂದೆಯೇ ಆ ನೆಲದಲ್ಲಿದ್ದವು. ಬಿಳಿಯರಲ್ಲಿ ಎಷ್ಟೋ ಮನೆತನ ಆಮೇಲೆ ಹಡಗು ಹತ್ತಿ ಬಂದವು. ಆಫ್ರಿಕಾದ ಯಾವ ದೇಶ ಅನ್ನುವ ನನ್ನ ಪ್ರಶ್ನೆಗೆ ಅವರ ಹತ್ತಿರ ಉತ್ತರವೇ ಇರಲಿಲ್ಲ. ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಖಾನಾಪುರ, ಹಳಿಯಾಳ, ಯಲ್ಲಾಪುರದ, ಆಫ್ರಿಕಾ ಮೂಲದ ನಮ್ಮ ಸಿದ್ದಿಗಳು ನೆನಪಾದರು. ಇಲ್ಲೇ ಹುಟ್ಟಿ ಬೆಳೆದವರಿಗೂ ಇದೇ ಪ್ರಶ್ನೆ ಕೇಳುವವರನ್ನು ನಾನು ಬಸ್ಸಿನಲ್ಲಿ ಕಣ್ಣಾರೆ ನೋಡಿದ್ದೇನೆ. ಆಗ ನನಗೆ ಸಿಟ್ಟು ಬಂದಿತ್ತು. ಮೊನ್ನೆ ಅದೇ ಪ್ರಶ್ನೆ ನನ್ನ ಬಾಯಿಂದ ಬಂತು.

ಆ ಸಂಜೆ ಅಪ್ಪ ಅಂಗಳದಲ್ಲಿ ಕೂತು ಹಸಿ ಶೇಂಗಾ ಸುಲಿಯುತ್ತಿದ್ದರು, ಉಪ್ಪು ಹಾಕಿ ಕುದಿಸಿದ್ದು. ಇನ್ನೂ ಹಬೆ ಆಡುತ್ತಿತ್ತು. ಆ ಅತಿಥಿ ಮೆಟ್ಟಿಲು ಇಳಿದವರು ಬುಟ್ಟಿ ನೋಡಿ ನಿಂತೇಬಿಟ್ಟರು. "ಇದನ್ನು ನೀವೂ ಕುದಿಸಿ ತಿನ್ನುತ್ತೀರಾ?" ಅಮೆರಿಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಶೇಂಗಾ ಬೆಳೆಯುವುದು ಜಾರ್ಜಿಯಾದಲ್ಲಂತೆ. ಅವರ ಅಜ್ಜಿ ದೊಡ್ಡ ಪಾತ್ರೆಯಲ್ಲಿ ಹೀಗೇ ಉಪ್ಪುನೀರಿನಲ್ಲಿ ಕುದಿಸುತ್ತಿದ್ದರಂತೆ, ರಸ್ತೆ ಬದಿಯಲ್ಲೂ ಮಾರುತ್ತಾರಂತೆ. ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಅದೇ ರಾಜ್ಯದ ಶೇಂಗಾ ರೈತ ಅಂತ ನಾನು ಅಪ್ಪನಿಗೆ ಹೇಳಿದೆ. "ಹೌದೇನು? 78ರಾಗ ನಮ್ಮ ದೇಶಕ್ಕ ಬಂದಿದ್ರಲ್ಲ, ರೇಡಿಯೋದಾಗ ಕೇಳಿದ್ದೆ. ರೈತ ಅಂತ ಯಾರೂ ಹೇಳಲಿಲ್ಲ ನೋಡು" ಅಂದರು ಅಪ್ಪ.

ಅತಿಥಿ ಕಟ್ಟೆಯ ಮೇಲೆ ಕೂತರು. ಕಾಯಿಯನ್ನು ಹಲ್ಲಲ್ಲಿ ಕಚ್ಚಿ, ಒಳಗಿನ ಉಪ್ಪುನೀರು ಮೊದಲು ಹೀರಿ, ಆಮೇಲೆ ಕಾಳು ತಿಂದರು. ನಾವು ತಿನ್ನುವುದೂ ಹಾಗೆಯೇ. ಅಪ್ಪ ಏನೂ ಮಾತಾಡದೆ ಬುಟ್ಟಿಯನ್ನು ಇಬ್ಬರ ನಡುವೆ ಸರಿಸಿದರು. ಒಳಗಿನಿಂದ ಇಣುಕಿದ ಅವ್ವ ಕೇಳಿದಳು, "ಇನ್ನೊಂದ್ ಬುಟ್ಟಿ ಕುದ್ಸಲೇನು?"