72 ಗಜ ಬಟ್ಟೆಯ ಲೆಕ್ಕ

ಆ ಶನಿವಾರ ಮಧ್ಯಾಹ್ನ ಸೂಜಿಗೆ ದಾರ ಹೋಗಲೇ ಇಲ್ಲ. ತುದಿಯನ್ನು ನಾಲಿಗೆಗೆ ತಾಗಿಸಿ, ಬೆರಳಲ್ಲಿ ಹೊಸೆದು ಮೂರು ಸಲ ಪೋಣಿಸಿ ನೋಡಿದೆ. ಸೂಜಿಯ ಕಣ್ಣೇ ಕಾಣಿಸಲಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿ ಕಾಲರ್‌ಗಳ ಗುಡ್ಡೆ ಬಿತ್ತು. ಮುಂದಿನ ಮಿಷನ್‌ನವಳು ಕೆಲಸವಿಲ್ಲದೆ ಕೂತಳು. "ಏನಮ್ಮಾ, ಲೈನ್ ನಿಲ್ಲಿಸ್ತೀಯಾ?" ಅಂತ ಸೂಪರ್‌ವೈಸರ್ ಕೂಗಿದರು. ಹೆಲ್ಪರ್ ಹುಡುಗಿ ಓಡಿಬಂದು ಪೋಣಿಸಿ ಕೊಟ್ಟಳು.

ನಾನು ಮದ್ದೂರು ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಒಂಬತ್ತು ವರ್ಷವಾಯಿತು. ಅವತ್ತೇ ಸಂಬಳದ ಚೀಟಿಯೂ ಬಂತು. ಒಟ್ಟು 12,400. ಪಿಎಫ್‌ಗೆ 1,488, ಇಎಸ್‌ಐಗೆ 93 ಹಿಡಿದು ಕೈಗೆ 10,819.

"ಬೇರೆ ಕೆಲಸ ನೋಡಬಹುದಲ್ವಾ?" ಅಂತಾರೆ. ನೋಡಿದ್ದೇನೆ. ಬಟ್ಟೆ ಅಂಗಡಿಯಲ್ಲಿ 8,000 ಅಂದರು, ಬೆಳಗ್ಗೆ ಹತ್ತರಿಂದ ರಾತ್ರಿ ಒಂಬತ್ತು, ಪಿಎಫ್ ಇಲ್ಲ. ಗದ್ದೆ ಕೂಲಿ ದಿನದ ಲೆಕ್ಕಕ್ಕೆ ಪರವಾಗಿಲ್ಲ, ಆದರೆ ನಾಲೆಗೆ ನೀರು ಬಿಟ್ಟಾಗ ಮಾತ್ರ. ರೈಲಲ್ಲಿ ಬೆಂಗಳೂರಿಗೆ ಹೋಗಿ ಬರುವವರೂ ಇದ್ದಾರೆ. ಕತ್ತಲಲ್ಲಿ ಹೊರಟು ಕತ್ತಲಲ್ಲೇ ಮನೆ ಸೇರಬೇಕು. ಮಕ್ಕಳಿಬ್ಬರನ್ನು ಬಿಟ್ಟು ನನ್ನಿಂದ ಆಗಲಿಲ್ಲ.

ಮಾರನೇ ದಿನ ಕಾರ್ಮಿಕ ಸಂಘದ ಸಭೆ ಇತ್ತು. ಕನಿಷ್ಠ ವೇತನವನ್ನು ಹೇಗೆ ಲೆಕ್ಕ ಹಾಕಬೇಕು ಅಂತ ಸಂಘದ ಅಕ್ಕ ಬೋರ್ಡ್ ಮೇಲೆ ಬರೆದು ತೋರಿಸಿದರು. 1957ರಲ್ಲೇ ಸರ್ಕಾರ, ಮಾಲೀಕರು, ಕಾರ್ಮಿಕರು ಒಟ್ಟಿಗೆ ಕೂತು ಒಪ್ಪಿದ ಲೆಕ್ಕವಂತೆ ಅದು. ದುಡಿಯುವವರು ಒಬ್ಬರು ಅಂತ ಇಟ್ಟುಕೊಂಡು ಗಂಡ, ಹೆಂಡತಿ, ಇಬ್ಬರು ಮಕ್ಕಳ ಖರ್ಚು ಹಿಡಿಯಬೇಕು. ದೊಡ್ಡವರೊಬ್ಬರಿಗೆ ದಿನಕ್ಕೆ 2,700 ಕ್ಯಾಲೊರಿ ಊಟ. ಮನೆ ಬಾಡಿಗೆ. ಸೌದೆ, ದೀಪದಂಥವಕ್ಕೆ ಆ ಒಟ್ಟು ವೇತನದ ಶೇಕಡಾ 20. ಮಕ್ಕಳ ಓದು, ಔಷಧಿ, ಮುಪ್ಪು, ಮದುವೆಗೆ ಅಂತ ಇನ್ನೂ ಶೇಕಡಾ 25 ಸೇರಬೇಕು ಅಂತ 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಮತ್ತೆ, ಇಡೀ ಮನೆಗೆ ವರ್ಷಕ್ಕೆ 72 ಗಜ ಬಟ್ಟೆ.

ಅದನ್ನು ಕೇಳಿ ನನ್ನ ಪಕ್ಕದವಳು ನನ್ನ ಮುಖ ನೋಡಿದಳು. ನಮ್ಮ ಲೈನ್‌ನಲ್ಲಿ ಅಷ್ಟು ಬಟ್ಟೆ ಅರ್ಧ ಗಂಟೆಯಲ್ಲಿ ಶರ್ಟ್ ಆಗಿ ಹೋಗುತ್ತದೆ. ನಮ್ಮ ಮನೆಗೆ ಹೋದ ವರ್ಷ ಬಂದಿದ್ದು ಮಕ್ಕಳ ಯೂನಿಫಾರ್ಮ್, ಯುಗಾದಿಗೆ ಒಂದೊಂದು ಜೊತೆ, ಅತ್ತೆಗೆ ಒಂದು ಸೀರೆ.

ಇದೇ ಕಾಲರ್ ಬೆಂಗಳೂರಲ್ಲಿ ಹೊಲಿದರೆ ಕನಿಷ್ಠ ವೇತನ ಜಾಸ್ತಿ. ನಮ್ಮದು ಬೇರೆ ವಲಯ ಅಂತ ಕಮ್ಮಿ. ಇಲ್ಲಿ ಬಾಡಿಗೆ ಕಮ್ಮಿ, ಒಪ್ಪುತ್ತೇನೆ. ಎಣ್ಣೆ, ಗ್ಯಾಸ್, ಮಾತ್ರೆಯ ರೇಟು ಊರು ನೋಡಿ ಇಳಿಯುತ್ತದಾ? ಹೊಟ್ಟೆಗೆ ಯಾವ ವಲಯ? ಇಷ್ಟು ವರ್ಷ ಸಂಬಳ ಜಾಸ್ತಿ ಕೇಳುವುದು ದುರಾಸೆ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. ನಮ್ಮ ಮನೆ ನಡೆಯುವಷ್ಟು ಕೇಳುವುದು ನಮ್ಮ ಹಕ್ಕು.

ರಾತ್ರಿ ಮಗಳ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆಯುತ್ತಾ ಕೂತೆ. ಬಾಡಿಗೆ 3,000. ದಿನಸಿ 4,500. ಹಾಲು, ತರಕಾರಿ, ಮೊಟ್ಟೆ 3,000. ಗ್ಯಾಸ್, ಕರೆಂಟು, ಫೋನು 1,500. ಸ್ಕೂಲು, ಟ್ಯೂಷನ್ 2,500. ಅತ್ತೆಯ ಶುಗರ್ ಮಾತ್ರೆ 1,200. ಸಾಲದ ಕಂತು 2,400. ಒಟ್ಟು 18,100. ರೇಷನ್ ಅಕ್ಕಿಗೆ ದುಡ್ಡಿಲ್ಲ, ಶಕ್ತಿ ಯೋಜನೆಯಿಂದ ಬಸ್ಸಿಗೂ ಇಲ್ಲ, ಆದರೂ ಇಷ್ಟು. ನಮ್ಮ ಯಜಮಾನರದು ಗೂಡ್ಸ್ ಆಟೋ. ಬಾಡಿಗೆ ಸಿಕ್ಕಿದ ದಿನ ಸಿಕ್ಕಿತು, ಇಲ್ಲದ ದಿನ ಇಲ್ಲ.

ಅತ್ತೆ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. "ನಿನ್ ಕನ್ನಡಕ ಎಲ್ಲವ್ವ ಇದ್ರಲ್ಲಿ?" ಅಂದರು.

"ಅದು ಮುಂದಿನ ತಿಂಗಳು ನೋಡೋಣ ಅತ್ತೆ."

"ಹೋದ ತಿಂಗ್ಳೂ ಇದೇ ಅಂದೆ. ಮೊದ್ಲು ಅದನ್ನ ಬರಿ."

ಮಗಳು ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ಬಾಡಿಗೆಗಿಂತ ಮೇಲೆ, ಹಾಳೆಯ ತಲೆಯಲ್ಲಿ, ನನಗೆ ಕಾಣಲಿ ಅಂತ ದೊಡ್ಡ ಅಕ್ಷರದಲ್ಲಿ "ಅಮ್ಮನ ಕನ್ನಡಕ" ಅಂತ ಬರೆದಳು.