ಟೊಮಾಲೆಸ್ ಪಾಯಿಂಟ್: ಎಲ್ಕ್ ನೋಡಲು ತುದಿಯವರೆಗೆ ಹೋಗಬೇಕಿಲ್ಲ

ಮಕ್ಕಳನ್ನು ನೋಡಲು ಕ್ಯಾಲಿಫೋರ್ನಿಯಾಕ್ಕೆ ಬರುವ ಅಪ್ಪ ಅಮ್ಮಂದಿರನ್ನು ಗೋಲ್ಡನ್ ಗೇಟ್ ಸೇತುವೆ ತೋರಿಸಿ ಕಳಿಸಿಬಿಡುತ್ತೇವೆ. ಇನ್ನೊಂದು ದಿನ ಬಿಡುವು ಮಾಡಿಕೊಂಡು ಪಾಯಿಂಟ್ ರೇಸ್ ಎಂಬ ಕರಾವಳಿ ಉದ್ಯಾನಕ್ಕೆ ಕರೆದುಕೊಂಡು ಹೋಗಿ. ಅದರ ಉತ್ತರದ ತುದಿಯೇ ಟೊಮಾಲೆಸ್ ಪಾಯಿಂಟ್, ಅಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಗಳಿವೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ.

ಪಿಯರ್ಸ್ ಪಾಯಿಂಟ್ ರ‍್ಯಾಂಚ್ ಅಂತ ಹಳೇ ಹೈನುಗಾರರ ಬಿಳಿ ಮನೆಗಳಿವೆ. ಟೊಮಾಲೆಸ್ ಪಾಯಿಂಟ್‌ಗೆ ನಡೆದು ಹೋಗುವ ದಾರಿ ಶುರುವಾಗುವುದು ಅಲ್ಲಿಂದ. ತುದಿ ಮುಟ್ಟಿ ವಾಪಸ್ ಬರಲು ಸುಮಾರು 15 ಕಿ.ಮೀ. ಎಡಕ್ಕೆ ಪೆಸಿಫಿಕ್ ಸಾಗರ, ಬಲಕ್ಕೆ ಟೊಮಾಲೆಸ್ ಕೊಲ್ಲಿ. ಈ ಕೊಲ್ಲಿಯ ಅಡಿಯಲ್ಲೇ, ಎರಡು ಭೂಫಲಕಗಳು (ಭೂಮಿಯ ಹೊರಪದರದ ಭಾರಿ ತುಂಡುಗಳು) ಸೇರುವ ಸ್ಯಾನ್ ಆಂಡ್ರಿಯಾಸ್ ಬಿರುಕು ಹಾದುಹೋಗಿದೆ. ನಾವು ನಿಂತ ಗುಡ್ಡ ಒಂದು ಭೂಫಲಕದ್ದು, ಆಚೆ ದಡ ಇನ್ನೊಂದರದ್ದು!

ನಾವು ಹೋಗಿದ್ದು ಸೆಪ್ಟೆಂಬರಿನಲ್ಲಿ. ಬೆಳಿಗ್ಗೆ ಎಂಟಕ್ಕೆ ದಟ್ಟ ಮಂಜು. ಒಂದೂವರೆ ಕಿ.ಮೀ. ನಡೆದು ವೈಟ್ ಗಲ್ಚ್ ಎಂಬ ಕಣಿವೆಯ ಮೇಲೆ ಬಂದಾಗ ಉದ್ದನೆಯ ಸೀಟಿ ಕೇಳಿಸಿತು. ಮಂಜು ಸ್ವಲ್ಪ ಸರಿದಾಗ ಟೂಲಿ ಎಂಬ ತಳಿಯ ಗಂಡು ಎಲ್ಕ್ ಕಂಡಿತು. ಕೊಂಬಿಗೆ ಒಣಹುಲ್ಲು ಸಿಕ್ಕಿಕೊಂಡು ಜೋತಾಡುತ್ತಿತ್ತು. ಕತ್ತು ಮೇಲೆತ್ತಿ ಕೂಗಿದಾಗ ಬಾಯಿಂದ ಬಿಸಿ ಹಬೆ. ಅಷ್ಟು ದೊಡ್ಡ ಪ್ರಾಣಿಗೆ ಅಷ್ಟು ಸಣ್ಣ ದನಿ! "ನಮ್ಮ ಕಡವೆ ಥರಾನೇ ಅಲ್ವಾ?" ಅಂದರು ಅಮ್ಮ, ಪಿಸುಮಾತಿನಲ್ಲಿ.

ಬೇಟೆಯಿಂದ ಹೆಚ್ಚುಕಡಿಮೆ ಅಳಿದೇಹೋಗಿದ್ದ ಜಾತಿ ಇದು. 1978ರಲ್ಲಿ ಹತ್ತು ಎಲ್ಕ್‌ಗಳನ್ನು ತಂದು ಇಲ್ಲಿ ಬಿಟ್ಟರು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಬೆದೆಯ ಕಾಲ, ಕೂಗು ಕೇಳಬೇಕೆಂದರೆ ಆಗಲೇ ಬನ್ನಿ. ಆದರೆ ಗಂಡುಗಳಿಗೆ ಸಿಟ್ಟು ಜಾಸ್ತಿ ಇರುವ ಕಾಲವೂ ಅದೇ. ಫೋಟೋಗೆಂದು ಹತ್ತಿರ ಹೋಗಲೇಬೇಡಿ, ಬೈನಾಕ್ಯುಲರ್ ತನ್ನಿ.

ಅಮ್ಮನಿಗೆ ಮಂಡಿನೋವು. ಅವರು, ತಂಗಿ ವೈಟ್ ಗಲ್ಚ್‌ನಿಂದಲೇ ನಿಧಾನವಾಗಿ ಹಿಂದಿರುಗಿದರು. ಎಲ್ಕ್ ಚೆನ್ನಾಗಿ ಕಂಡಿದ್ದೂ ಅಲ್ಲೇ, ಹಾಗಾಗಿ ಹಿರಿಯರಿಗೆ ಅಷ್ಟು ಸಾಕು. ಮುಂದಕ್ಕೆ ಹೋದ ನಮಗೆ ಬರ್ಡ್ ರಾಕ್ ಬಂಡೆಯ ಮೇಲೆ ಹಕ್ಕಿಗಳ ಸಾಲು ಸಿಕ್ಕಿತು. ಕೊನೆಯ ಭಾಗ ಪೂರ್ತಿ ಮರಳು, ಕಾಲು ಹೂತು ಬೇಗ ಸುಸ್ತಾಗುತ್ತದೆ. ತುದಿಯಲ್ಲಿ ಅಂಚಿಗೆ ಹೋಗಬೇಡಿ, ಮಣ್ಣು ಕುಸಿಯುತ್ತದೆ.

ದಾರಿಯಲ್ಲಿ ಕುಡಿಯುವ ನೀರಿಲ್ಲ, ನೆರಳೂ ಇಲ್ಲವೆಂದೇ ಹೇಳಬೇಕು. ತಲೆಗೆ ಎರಡು ಲೀಟರ್ ನೀರು, ಗಾಳಿಗೆ ಜಾಕೆಟ್, ರಕ್ತ ಹೀರುವ ಉಣ್ಣಿ ಹತ್ತದಂತೆ ಉದ್ದ ಪ್ಯಾಂಟ್ ಬೇಕೇ ಬೇಕು. ನಾಯಿಗೆ ಪ್ರವೇಶವಿಲ್ಲ. ನಾವು ಚಪಾತಿ ಸುತ್ತಿ ಒಯ್ದಿದ್ದೆವು. ಹೋಗುವಾಗ ಗಾಳಿ ಮುಖಕ್ಕೇ ಬಡಿಯುತ್ತಿತ್ತು, ಬರುವಾಗ ಬೆನ್ನಿಗಿತ್ತು. ಬುತ್ತಿ ಬಿಚ್ಚಲು ವಾಪಸ್ ಬರುವ ದಾರಿಯೇ ಒಳ್ಳೆಯದು.