ಇಂಟರ್‌ಕಾಮ್ ಹುಡುಕಾಟ: ಸದ್ಯಕ್ಕೆ ಚಾರ್ಮಾಡಿವರೆಗೆ

ಬೈಕ್ ಓಡಿಸುತ್ತಲೇ ಒಬ್ಬರಿಗೊಬ್ಬರು ಮಾತಾಡೋಕೆ ಹೆಲ್ಮೆಟ್ ಇಂಟರ್‌ಕಾಮ್ ಬೇಕಿತ್ತು. ಎರಡು ಹೆಲ್ಮೆಟ್‌ಗೂ ಸೇರಿ ಹತ್ತು ಸಾವಿರದೊಳಗೆ ಮುಗಿಸಬೇಕು ಅಂತ ಮೊದಲೇ ಮಾತಾಗಿತ್ತು. ನನ್ನ ಬೈಕ್ ಹಿಮಾಲಯನ್, ಭಾವಂದು ಕ್ಲಾಸಿಕ್ 350. ಸುತ್ತೋದು ಹೆಚ್ಚಾಗಿ ನಾವಿಬ್ಬರೇ. ಇಬ್ಬರೇ ಅಂದ ಮೇಲೆ ಅರ್ಧ ಆಯ್ಕೆಗಳು ತಾವಾಗೇ ಬಿದ್ದುಹೋದವು.

ಖರ್ಚಿಲ್ಲದ ದಾರಿಯನ್ನು ಮೊದಲು ನೋಡಿದೆವು. ಇಯರ್‌ಬಡ್ ಹಾಕಿಕೊಂಡು ಫೋನ್ ಕಾಲ್‌ನಲ್ಲೇ ಇರೋದು. ಹಾಸನದವರೆಗೆ ಪರವಾಗಿಲ್ಲ. ಮೂಡಿಗೆರೆ ದಾಟಿ ಚಾರ್ಮಾಡಿ ಘಾಟಿ ಹತ್ತಿರ ಬಂದರೆ ಸಿಗ್ನಲ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಹೆಲ್ಮೆಟ್ ಇಳಿಸುವಾಗ ಇಯರ್‌ಬಡ್ ಕಿತ್ತು ಬೀಳುತ್ತೆ. ಕಿವಿ ಪೂರ್ತಿ ಮುಚ್ಚಿಹೋಗಿ ಹಿಂದಿನ ಬಸ್ಸಿನ ಹಾರ್ನೂ ಕೇಳಿಸಲ್ಲ. ಅದನ್ನು ಅಲ್ಲಿಗೇ ಬಿಟ್ಟೆವು.

ವಾಕಿ-ಟಾಕಿ ಬಗ್ಗೆ ನನಗೆ ಆಸೆ ಇತ್ತು. 446.0ರಿಂದ 446.2 ಮೆಗಾಹರ್ಟ್ಸ್ ಒಳಗಿನ ಕಡಿಮೆ ಪವರ್ ಸೆಟ್‌ಗಳಿಗೆ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಡ. ಬೇರೆ ಫ್ರೀಕ್ವೆನ್ಸಿಗೂ ತಿರುಗಿಸಬಹುದಾದ ಅಗ್ಗದ ಸೆಟ್‌ಗಳ ಕಥೆ ಬೇರೆ, ಅವನ್ನು ಮುಟ್ಟದಿರೋದೇ ಒಳ್ಳೇದು. ಆದರೆ ಮಾತಾಡಬೇಕಾದಾಗಲೆಲ್ಲ ಬಟನ್ ಒತ್ತಬೇಕು. ಘಾಟಿಯ ತಿರುವಿನಲ್ಲಿ ಹ್ಯಾಂಡಲ್‌ನಿಂದ ಕೈ ತೆಗೆಯೋದು ಯಾರಿಗೆ ಬೇಕು?

ಇನ್ನು ಮೆಶ್, ಅಂದರೆ ಗುಂಪಿನ ಎಲ್ಲರನ್ನೂ ಬಲೆಯ ಹಾಗೆ ಜೋಡಿಸುವ ಇಂಟರ್‌ಕಾಮ್. ಸಾಮಾನ್ಯ ಬ್ಲೂಟೂತ್ ಇಂಟರ್‌ಕಾಮ್‌ನಲ್ಲಿ ಒಬ್ಬರಿಂದ ಒಬ್ಬರಿಗೆ ಸರಪಳಿ ಕಟ್ಟಿದ ಹಾಗೆ ಜೋಡಣೆ. ನಡುವಿನವರು ಹಿಂದೆ ಉಳಿದರೆ ಎರಡೂ ಕಡೆಯವರ ಮಾತು ಕಟ್. ಮೆಶ್‌ನಲ್ಲಿ ಯಾರೇ ಬಿಟ್ಟುಹೋದರೂ ಉಳಿದವರ ಮೂಲಕ ದಾರಿ ಹುಡುಕಿಕೊಳ್ಳುತ್ತೆ. ಕಾರ್ಡೋ, ಸೇನಾ ಕಂಪನಿಗಳು ಹೆಸರು ಮಾಡಿರೋದೇ ಇದರಲ್ಲಿ. ಹೆಲ್ಮೆಟ್ ಕೂಲರ್‌ನಿಂದ ಶುರು ಮಾಡಿದ ನಮ್ಮ ಬೆಂಗಳೂರಿನ ಬ್ಲೂಆರ್ಮರ್ ಕೂಡ ಈಗ ಇಂಟರ್‌ಕಾಮ್ ಮಾಡುತ್ತೆ. ಎಂಟು ಹತ್ತು ಬೈಕಿನ ಗುಂಪಾಗಿದ್ದರೆ ನಾನೂ ಮೆಶ್‌ಗೇ ದುಡ್ಡು ಹಾಕುತ್ತಿದ್ದೆ. ಇಬ್ಬರ ನಡುವೆ ಇರೋದು ಒಂದೇ ಕೊಂಡಿ, ಅಲ್ವಾ? ಅದಕ್ಕೆ ಅಷ್ಟು ದುಡ್ಡು ಸುಮ್ನೆ ದಂಡ.

ಹಾಗಾಗಿ ಸಾದಾ ಬ್ಲೂಟೂತ್ ಜೋಡಿ. ಬಾಕ್ಸ್ ಮೇಲೆ 1000 ಮೀಟರ್ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಅದು ಒಬ್ಬರಿಗೊಬ್ಬರು ಕಾಣುವ ಬಯಲಿನ ಲೆಕ್ಕ. ಬ್ಲೂಟೂತ್ ಓಡೋದು 2.4 ಗಿಗಾಹರ್ಟ್ಸ್‌ನಲ್ಲಿ. ಆ ಅಲೆ ಗುಡ್ಡ ಬಳಸಿಕೊಂಡು ಬರಲ್ಲ, ಒದ್ದೆ ಎಲೆಗಳೂ ಅದನ್ನು ಹೀರಿಕೊಳ್ಳುತ್ತವೆ. ಕೊಟ್ಟಿಗೆಹಾರದಿಂದ ಇಳಿಯುವಾಗ ಎರಡು ತಿರುವು ಹಿಂದೆ ಬಿದ್ದರೆ ಸಾಕು, ಮೊದಲು ಗೊರಗೊರ, ಆಮೇಲೆ ಏನೂ ಇಲ್ಲ. ದುಬಾರಿ ಸೆಟ್ ಆದರೂ ಗುಡ್ಡ ಗುಡ್ಡವೇ.

ಹಾಗಾಗಿ ನಾವು ನೋಡಿದ್ದು ರೇಂಜ್ ಅಲ್ಲ. ಕಟ್ ಆದ ಮೇಲೆ ತಾನಾಗೇ ಮತ್ತೆ ಸೇರಿಕೊಳ್ಳುತ್ತಾ, ಅದು ಮುಖ್ಯ. ಮೊದಲು ತರಿಸಿದ ಜೋಡಿ ಸೇರಿಕೊಳ್ಳುತ್ತಿರಲಿಲ್ಲ. ಪ್ರತಿ ಸಲ ಗ್ಲೌಸ್ ಹಾಕಿದ ಬೆರಳಲ್ಲಿ ಚಪ್ಪಟೆ ಬಟನ್ ತಡಕಿ, ಬೀಪ್ ಬರುವ ತನಕ ಒತ್ತಿ ಹಿಡಿಯಬೇಕು. ಒಮ್ಮೆ ಅದು ಭಾವನ ಬದಲು ನನ್ನ ಫೋನಿನ ಕೊನೆ ನಂಬರಿಗೆ ಕಾಲ್ ಮಾಡಿತು. ವಾಪಸ್ ಕಳಿಸಿದೆವು. ಈಗಿನದರಲ್ಲಿ ಉಬ್ಬಿದ ಬಟನ್, ಕಣ್ಣಳತೆಗೆ ಬಂದರೆ ತಾನೇ ಜೋಡಣೆ. "ಭಾವ, ಎದುರಿಗೆ ಬಸ್ಸು, ಎಡಕ್ಕೇ ಇರಿ" ಅಂದರೆ "ಹೂಂ, ಕೇಳಿಸ್ತು" ಅಂತ ಉತ್ತರ ಬರುತ್ತೆ. ನಮಗೆ ಬೇಕಿದ್ದದ್ದೂ ಅಷ್ಟೇ.

ಫಿಟ್ಟಿಂಗ್‌ಗೆ ಅರ್ಧ ದಿನ ಹಿಡಿಯಿತು, ಹಿಡಿಯಬೇಕಾದ್ದೇ. ಹೆಲ್ಮೆಟ್ ಒಳಗೆ ಸ್ಪೀಕರ್ ಕೂರಿಸುವ ತಗ್ಗು ನನ್ನ ಕಿವಿಗಿಂತ ಒಂದು ಬೆರಳು ಹಿಂದಿತ್ತು. 70ರ ವೇಗದಲ್ಲಿ ದನಿ ಗಾಳಿಗೆ ಮುಳುಗುತ್ತಿತ್ತು. ಜಾಗ ಮಾಡೋಕೆ ಅಂತ ಒಳಗಿನ ಥರ್ಮೋಕೋಲ್ ಕೆತ್ತಬಾರದು, ತಲೆ ಕಾಯೋದೇ ಅದು. ಅದಕ್ಕೇ ವೆಲ್ಕ್ರೋ ಮುಂದಕ್ಕೆ ಅಂಟಿಸಿ, ಸ್ಪೀಕರ್ ಹಿಂದೆ ತೆಳು ಫೋಮ್ ಇಟ್ಟು ಕಿವಿ ರಂಧ್ರದ ನೇರಕ್ಕೆ ತಂದೆ. ಸೆಟ್ ಅದೇ, ವಾಲ್ಯೂಮ್ ಅದೇ, ಆದರೆ ಮಾತು ಈಗ ಸ್ಪಷ್ಟ. ನನ್ನದು ಗಲ್ಲವನ್ನೂ ಮುಚ್ಚುವ ಫುಲ್ ಫೇಸ್ ಹೆಲ್ಮೆಟ್, ಪುಟ್ಟ ಬಟನ್ ಮೈಕ್ ಅದರ ಗಲ್ಲದ ಒಳಭಾಗಕ್ಕೆ ಅಂಟಿತು. ಭಾವಂದು ಓಪನ್ ಫೇಸ್, ಕಡ್ಡಿ ಮೈಕ್. 60ರವರೆಗೆ ಅವರ ಮಾತು, ಅದು ದಾಟಿದರೆ ಬರೀ ಗಾಳಿ.

ಬಾಕಿ ಇರೋದು ಮಳೆ ಪರೀಕ್ಷೆ. ಬಾಕ್ಸ್ ಮೇಲೆ ಐಪಿ67 (ಧೂಳು, ನೀರು ತಡೆಯುವ ಮಟ್ಟ) ಅಂತಿದೆ, ಆದರೆ ವೈರ್ ಸಿಕ್ಕಿಸುವ ಜಾಗದ ರಬ್ಬರ್ ಮುಚ್ಚಳ ನನಗೆ ಸಡಿಲ ಅನ್ನಿಸುತ್ತಿದೆ. ಓಡುವಾಗಲೇ ಪವರ್‌ಬ್ಯಾಂಕ್‌ನಿಂದ ಚಾರ್ಜ್ ಮಾಡಬಹುದಾ ಅಂತಲೂ ನೋಡಬೇಕು. ಕೆಲವು ಸೆಟ್ ಚಾರ್ಜಿಗೆ ಹಾಕಿದ ಕೂಡಲೇ ಆಫ್ ಆಗುತ್ತವೆ. ಭಾವನ ಮೈಕಿಗೆ ದಪ್ಪ ಫೋಮ್ ಆರ್ಡರ್ ಮಾಡಿದ್ದೇನೆ. ಫುಲ್ ಫೇಸ್ ತಗೊಳ್ಳಿ ಅಂದರೆ ಸೆಕೆ ಅಂತಾರೆ.